ಹದಿನೆಂಟನೇ ಸೀಟಿನಿಂದ ಕಂಡ ಹುಡುಗರು

ಗ್ರೀನ್ ಬೇ, ವಿಸ್ಕಾನ್ಸಿನ್
ಆಗಸ್ಟ್ 29, 1988, ಸೋಮವಾರ

ಪ್ರಿಯ ಬರ್ನಿ,

ಇದು ದುಃಖದ ಪತ್ರವಲ್ಲ, ಹೆದರಬೇಡ. ಅಂಥವನ್ನು ನಿನ್ನ ಅಕ್ಕ ತೀರಿಕೊಂಡ ಫೆಬ್ರವರಿಯಿಂದ ಜೂನ್‌ವರೆಗೆ ಬರೆದು ಬರೆದು, ಕಾಗದದ ಗಿರಣಿಯಲ್ಲಿ ಮೂವತ್ತೆಂಟು ವರ್ಷ ದುಡಿದವನ ಮನೆಯಲ್ಲೇ ಕಾಗದ ಮುಗಿದುಹೋಯಿತು. ಇದು ಕ್ವಾರ್ಟರ್‌ಬ್ಯಾಕ್‌ಗಳ ಬಗ್ಗೆ.

ನಿನ್ನ ಅಕ್ಕ ಪ್ರತಿ ಸೋಮವಾರ ಬೆಳಿಗ್ಗೆ ಮೂಲೆಯ ಅಂಚೆ ಪೆಟ್ಟಿಗೆಯವರೆಗೆ ನಡೆದು ಬರುತ್ತಿದ್ದಳಲ್ಲ, ಮೊಣಕಾಲಿಗೆ ಒಳ್ಳೆಯದು ಅಂತ. ಈಗ ನಾನೂ ಹೋಗುತ್ತೇನೆ. ಆದರೆ ಪೆಟ್ಟಿಗೆಯ ಮುಂದೆ ಬರಿಗೈಯಲ್ಲಿ ನಿಲ್ಲುವುದು, ಪಕ್ಕದ ಮನೆಯ ಡೆಲ್ಫೀನ್ ಕಿಟಕಿಯಿಂದ ನೋಡುವುದು, ನಾನು ಸುಮ್ಮನೆ ಪೆಟ್ಟಿಗೆಯ ಬಾಯಿ ಎತ್ತಿ ಮುಚ್ಚಿ ವಾಪಸ್ ಬರುವುದು, ಇದೆಲ್ಲ ಮನುಷ್ಯನಿಗೆ ಶೋಭಿಸುವುದಿಲ್ಲ. ಆದ್ದರಿಂದ ಪತ್ರ.

ಏಪ್ರಿಲ್‌ನಲ್ಲಿ ನಮ್ಮ ಊರಿನ ಫುಟ್‌ಬಾಲ್ ತಂಡದವರೂ ನಿಮ್ಮ ಡೆಟ್ರಾಯಿಟ್‌ನವರೂ ಒಂದೇ ದಿನ ಒಬ್ಬೊಬ್ಬ ಎಳೆಯ ಕ್ವಾರ್ಟರ್‌ಬ್ಯಾಕನ್ನು ಆರಿಸಿಕೊಂಡರು. ನಿನ್ನ ಗಂಡ ಲಾಯ್ಡ್ ಆಟ ಶುರುವಾದ ಕೂಡಲೇ ನಿದ್ದೆ ಹೋಗುವವನು. ಅವನಿಗೆ ಓದಿ ಹೇಳುವುದಾದರೆ ಹೀಗೆ ಹೇಳು: ಹನ್ನೊಂದು ಜನರಲ್ಲಿ ಚೆಂಡು ಮೊದಲು ಇವನ ಕೈಗೆ ಬರುತ್ತದೆ. ಅದನ್ನು ಯಾರಿಗೆ ಎಸೆಯಬೇಕೆಂದು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ನಾಲ್ಕನೆಯ ಸೆಕೆಂಡಿಗೆ ಫ್ರಿಜ್ಜಿನಷ್ಟು ದಪ್ಪದ ಮೂವರು ಅವನ ಮೇಲೆ ಬಿದ್ದಿರುತ್ತಾರೆ.

ನಮ್ಮ ಹುಡುಗ ಡೇಲ್ ಹೋಗ್ಲಂಡ್. ಉತ್ತರ ಡಕೋಟದ ಬೀಟ್‌ರೂಟ್ ಹೊಲದವನು. ಮಾತಿಲ್ಲ, ಕತೆಯಿಲ್ಲ. ಮೊನ್ನೆ ಟೀವಿಯವನು ಮೈಕು ಹಿಡಿದು "ಹೇಗನ್ನಿಸ್ತಿದೆ?" ಅಂತ ಕೇಳಿದ. ಹುಡುಗ ಆಕಾಶ ನೋಡಿದ, ನೆಲ ನೋಡಿದ, ಮೈಕು ನೋಡಿದ. "ಪರವಾಗಿಲ್ಲ" ಎಂದ. ಅಷ್ಟರಲ್ಲಿ ಜಾಹೀರಾತು ಬಂದಿತ್ತು. ನಿಮ್ಮವನು, ಆ ಲೂಸಿಯಾನದ ರೆಮಿ ಬೂದ್ರೋ, ಇನ್ನೂ ಒಂದು ಪಂದ್ಯ ಗೆದ್ದಿಲ್ಲ, ಆಗಲೇ ಕೆಂಪು ಕಾರು, ಬಿಳಿ ಬೂಟು, ಜನರತ್ತ ಗಾಳಿಯಲ್ಲಿ ಮುತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ತೋಳಿನ ಬಲ ಬೂದ್ರೋಗೆ ಹೆಚ್ಚು, ಒಪ್ಪುತ್ತೇನೆ. ಆದರೆ ನಾನು ಒಂದೂವರೆ ವರ್ಷ ಕಾಲೇಜಿಗೆ ಹೋದವನು. ಅಲ್ಲಿ ಇಂಗ್ಲಿಷ್ ಪಾಠಕ್ಕೆ ಮಿಸ್ ಹಾಲ್ವರ್ಸನ್ ಎಂಬಾಕೆ ಇದ್ದರು. ಯಾವ ದೊಡ್ಡ ನಾಯಕನಿಗೂ ಮೂರು ಲಕ್ಷಣ ಇರಲೇಬೇಕು ಎನ್ನುತ್ತಿದ್ದರು. ಒಂದು, ಅವನು ಎತ್ತರದಲ್ಲಿರಬೇಕು. ಎರಡು, ಅವನಲ್ಲಿ ಒಂದು ದೋಷವಿರಬೇಕು, ಅದು ಅವನೊಬ್ಬನಿಗೆ ಬಿಟ್ಟು ಊರಿಗೆಲ್ಲ ಕಾಣಬೇಕು. ಮೂರನೆಯದು ಮರೆತುಹೋಗಿದೆ. ಆ ದಿನ ಕಿಟಕಿಯಾಚೆ ಫುಟ್‌ಬಾಲ್ ನಡೆಯುತ್ತಿತ್ತು.

ಅಂದಹಾಗೆ, ಸ್ಟೇಡಿಯಂನಲ್ಲಿರುವ ನಿಮ್ಮಪ್ಪನ ಎರಡು ಸೀಟುಗಳ ಬಗ್ಗೆ ಟಿಕೆಟ್ ಕಚೇರಿಯಿಂದ ಒಂದು ಫಾರಂ ಬಂದಿದೆ. ಹದಿನೇಳು ನನ್ನ ಹೆಸರಿಗೆ ಆಗುತ್ತದಂತೆ. ಹದಿನೆಂಟಕ್ಕೆ, ಅಂದರೆ ನಿನ್ನ ಅಕ್ಕ ರೋಸೆಲ್ಲಾಳದ್ದಕ್ಕೆ, ಒಂದು ಹೆಸರು ಬೇಕಂತೆ, ಡಿಸೆಂಬರ್ 31ರೊಳಗೆ. ಕೊಡದಿದ್ದರೆ ಸೀಟು ಕಾಯುವವರ ಪಟ್ಟಿಗೆ. ಆ ಪಟ್ಟಿ ಗೊತ್ತಲ್ಲ, ಮಗು ಹುಟ್ಟಿದ ದಿನ ಹೆಸರು ಬರೆಸಿದರೆ ಅದಕ್ಕೆ ಮೊಮ್ಮಕ್ಕಳಾಗುವಾಗ ಸೀಟು. ನೀನು ತಲೆ ಕೆಡಿಸಿಕೊಳ್ಳಬೇಡ. ನಾನು ನೋಡಿಕೊಳ್ಳುತ್ತೇನೆ. ಫಾರಂ ಬ್ರೆಡ್ ಡಬ್ಬದ ಕೆಳಗೆ ಭದ್ರವಾಗಿದೆ.

ನಿನ್ನ ಭಾವ,
ನಾರ್ಬರ್ಟ್

*

ಡೆಟ್ರಾಯಿಟ್, ಮಿಶಿಗನ್
ಸೆಪ್ಟೆಂಬರ್ 6, 1988

ಪ್ರೀತಿಯ ಭಾವ,

ನಿಮ್ಮ ಪತ್ರ ಓದಿ ನಕ್ಕೆ. ಫೆಬ್ರವರಿಯ ನಂತರ ಇದೇ ಮೊದಲು, ಆದ್ದರಿಂದ ಬೂದ್ರೋನ ಬೂಟಿಗೆ ಬೈದದ್ದನ್ನು ಕ್ಷಮಿಸಿದ್ದೇನೆ.

ಹುಡುಗ ಮುತ್ತು ಎಸೆದರೆ ನಿಮಗೇನು ಕಷ್ಟ? ಅವನು ಚೆಂಡನ್ನೂ ಹಾಗೇ ಎಸೆಯುತ್ತಾನೆ, ಯೋಚಿಸದೆ, ಎರಡನೇ ಸೆಕೆಂಡಿಗೇ. ಭಾನುವಾರ ಬೀಳುತ್ತಾ ಬೀಳುತ್ತಾ ಎಡಗೈಯಿಂದ ಎಸೆದ, ಅವನು ಬಲಗೈಯವನು ಸ್ವಾಮೀ! ಚೆಂಡು ಸೀದಾ ಎದುರಾಳಿಯ ಎದೆಗೆ ಹೋಯಿತು, ಅದು ಬೇರೆ ಮಾತು. ಲಾಯ್ಡ್ ಕೂಡ ಎದ್ದು ಕೂತು "ಏನಾಯ್ತು, ಯಾರು ಸತ್ರು?" ಅಂದ. ನಿಮ್ಮ ಹೋಗ್ಲಂಡನನ್ನು ನೋಡಿದರೆ ಲಾಯ್ಡ್ ಮಲಗಿದವನು ಏಳುವುದೇ ಇಲ್ಲ.

ಮೂರನೇ ಲಕ್ಷಣ ನೆನಪಾದರೆ ತಿಳಿಸಿ. ಎರಡನೆಯದು ನಿಮ್ಮಲ್ಲಿ ನನಗೆ ಚೆನ್ನಾಗಿ ಕಾಣಿಸುತ್ತಿದೆ.

ಫಾರಂ ಬಗ್ಗೆ ನೀವು ಬರೆದದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗಿದೆ. ಅದರಲ್ಲಿ ಇರುವುದನ್ನು ಇದ್ದಹಾಗೆ ಬರೆಯಿರಿ. ಮತ್ತೆ, ಈ ಡೆಲ್ಫೀನ್ ಯಾರು?

ಬರ್ನಡೆಟ್

*

ಗ್ರೀನ್ ಬೇ
ಸೆಪ್ಟೆಂಬರ್ 19, 1988, ಸೋಮವಾರ

ಪ್ರಿಯ ಬರ್ನಿ,

ನಿನ್ನೆ ಹೋಗ್ಲಂಡ್ ಆರು ಸಲ ನೆಲಕ್ಕೆ ಬಿದ್ದ. ಆರೂ ಸಲ ಚೆಂಡು ಅವನ ಕೈಯಲ್ಲೇ ಇತ್ತು. ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ, ಮತ್ತೆ ಎಡಕ್ಕೆ ನೋಡುತ್ತಾನೆ, ರಸ್ತೆ ದಾಟುವ ಅಜ್ಜಿಯ ಹಾಗೆ. ಅಷ್ಟರಲ್ಲಿ ಲಾರಿ ಬಂದಿರುತ್ತದೆ. ಜನ ಬೈಯುತ್ತಾರೆ. ನಾನು ಬೈಯಲಿಲ್ಲ. ಅವನು ಅಂಜುಬುರುಕನಲ್ಲ, ಬರ್ನಿ. ಚೆಂಡು ಕೈಬಿಟ್ಟ ಮೇಲೆ ಅದು ತನ್ನದಲ್ಲ ಅನ್ನುವುದು ಅವನಿಗೆ ಗೊತ್ತು, ಅಷ್ಟೇ.

ಈಗ ಓರ್ವಿಲ್‌ನ ಸಂಗತಿ. ಹತ್ತೊಂಬತ್ತನೇ ಸೀಟಿನ ಓರ್ವಿಲ್ ಸ್ಟೀಂಪಲ್, ಸಾಸೇಜ್ ಅಂಗಡಿಯವನು, ನಿನಗೆ ನೆನಪಿರಬಹುದು. ನಮ್ಮದು ಉದ್ದನೆಯ ಬೆಂಚು, ನಡುವೆ ಕೈಯಿಡಲು ಏನೂ ಇಲ್ಲ, ಬರೀ ಬಣ್ಣದ ಗೆರೆ ಮತ್ತು ಅಂಕಿ. ಒಬ್ಬೊಬ್ಬರಿಗೆ ಹದಿನೆಂಟು ಇಂಚು. ನಿನ್ನ ಅಕ್ಕ ಇದ್ದಾಗ ಓರ್ವಿಲ್ ತನ್ನ ಗೆರೆಯೊಳಗೆ ಇರುತ್ತಿದ್ದ, ಅವಳ ಮೊಣಕೈಯ ಭಯಕ್ಕೆ. ಈಗ ಪ್ರತಿ ಪಂದ್ಯಕ್ಕೂ ಇಂಚಿಂಚಾಗಿ ಹರಿದು ಬರುತ್ತಿದ್ದಾನೆ, ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ. ನಾನು ಗೆರೆಯ ಮೇಲೆ ಫ್ಲಾಸ್ಕು ಇಟ್ಟೆ.

"ಯಾರೂ ಕೂತಿಲ್ವಲ್ಲ ನಾರ್ಬರ್ಟ್, ಸ್ವಲ್ಪ ಸರಿದ್ರೆ ಏನಾಗುತ್ತೆ?" ಅಂದ.

"ಕೂತಿದಾರೆ" ಅಂದೆ.

ಅವನು ಫ್ಲಾಸ್ಕನ್ನು ನೋಡಿ ಟೋಪಿ ತೆಗೆದು, "ನಮಸ್ಕಾರ ಕಣಮ್ಮ" ಅಂದ. ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ರೋಸೆಲ್ಲಾ ಮೂವತ್ತು ವರ್ಷ ಆ ಸೀಟಿನಲ್ಲಿ ಕೂತು ಒಂದು ದಿನವೂ ಚೆಂಡು ನೋಡಲಿಲ್ಲ, ಗೊತ್ತಾ? ಊರೆಲ್ಲ ಎದ್ದು ಕೂಗುವಾಗ ಅವಳ ಕಣ್ಣು ಆಟಗಾರರು ಕೂರುವ ಬೆಂಚಿನ ಕಡೆ. "ಅಲ್ಲೇನಿದೆ ಮಾರಾಯ್ತಿ?" ಅಂದರೆ, "ನೀನು ಚೆಂಡು ನೋಡು, ನಾನು ಹುಡುಗನ್ನ ನೋಡ್ತೀನಿ" ಅನ್ನುತ್ತಿದ್ದಳು. ಅಂಥ ಸೀಟು ದಂಡವಾಯಿತಲ್ಲ ಅಂತ ಆಗೆಲ್ಲ ತಮಾಷೆ ಮಾಡುತ್ತಿದ್ದೆ.

ಒಂದು ಪಂಥ ಕಟ್ಟೋಣವೇ? ಅಕ್ಟೋಬರ್ 9ಕ್ಕೆ ನಮ್ಮವರು ನಿಮ್ಮ ಊರಿಗೆ ಬರುತ್ತಾರೆ. ಹೋಗ್ಲಂಡ್ ಗೆದ್ದರೆ ನಾನು ಕಳಿಸುವ ಒಂದು ಕಾಗದಕ್ಕೆ ನೀನು ಓದದೆ ಸಹಿ ಹಾಕಬೇಕು. ಬೂದ್ರೋ ಗೆದ್ದರೆ ನಾನು ಚರ್ಚಿನ ಕೋಳಿಸಾರಿನ ಊಟದ ದಿನ ಡೆಟ್ರಾಯಿಟ್ ಬಣ್ಣದ ಟೋಪಿ ಹಾಕಿಕೊಂಡು ಬಡಿಸುತ್ತೇನೆ.

ಡೆಲ್ಫೀನ್ ಪಕ್ಕದ ಮನೆಯವಳು. ವಾರಕ್ಕೊಂದು ಗಾಜಿನ ಪಾತ್ರೆಯಲ್ಲಿ ಮೀನು-ನೂಡಲ್ಸ್ ಬೇಯಿಸಿ ತರುತ್ತಾಳೆ. ಫುಟ್‌ಬಾಲ್ ಚೆನ್ನಾಗಿ ಗೊತ್ತು.

ನಾರ್ಬರ್ಟ್

*

ಡೆಟ್ರಾಯಿಟ್, ಸೆಪ್ಟೆಂಬರ್ 26, 1988 (ಕಾರ್ಡು)

ಭಾವ, ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು ನಾನು. ಓದದೆ ಸಹಿ ಹಾಕಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ನೂರು ಮಕ್ಕಳಿಗೆ ರಜೆ ಕೊಟ್ಟಿರುತ್ತಿದ್ದೆ. ಪಂಥ ಇಲ್ಲ. ಯಾವ ಕಾಗದ ಅದು? ಆ ಗಾಜಿನ ಪಾತ್ರೆಗಳು ವಾಪಸ್ ಹೋಗುತ್ತಿವೆಯೋ, ನಿಮ್ಮ ಅಡುಗೆಮನೆಯಲ್ಲೇ ಸಂಸಾರ ಹೂಡಿವೆಯೋ? – ಬ.

*

ಗ್ರೀನ್ ಬೇ
ಅಕ್ಟೋಬರ್ 11, 1988

ಪ್ರಿಯ ಬರ್ನಿ,

ಇಪ್ಪತ್ನಾಲ್ಕು – ಹತ್ತು. ನೀನು ಪಂಥಕ್ಕೆ ಒಪ್ಪದ ಕಾರಣ ನಾನು ಸೋತಿಲ್ಲ ಅನ್ನುವುದನ್ನು ಮೊದಲೇ ದಾಖಲಿಸುತ್ತೇನೆ.

ಬೂದ್ರೋನ ಆ ಎಸೆತ ನೋಡಿದೆ. ಒಬ್ಬ ಕಾಲಿಗೆ ಜೋತುಬಿದ್ದಿದ್ದ, ಇನ್ನೊಬ್ಬ ಕೊರಳಿಗೆ. ಆದರೂ ಐವತ್ತು ಗಜ ಎಸೆದ, ಅದೂ ನಗುತ್ತಾ. ಅಂಥದ್ದನ್ನು ಕಲಿಸಲು ಬರುವುದಿಲ್ಲ, ಅದು ಹುಟ್ಟಿನಿಂದ ಬಂದದ್ದು. ನಮ್ಮವನಿಗೆ ಅದಿಲ್ಲ. ಆದರೆ ಆಮೇಲೆ ಅವನು ಬಾಗಿ ನಮಸ್ಕಾರ ಮಾಡಿದ್ದು ಯಾಕೆ? ಐದು ಜನ ದಢೂತಿಗಳು ಅವನ ಮುಂದೆ ಗೋಡೆಯ ಹಾಗೆ ನಿಂತು ಹೊಡೆತ ತಿಂದದ್ದಕ್ಕೆ ಯಾರು ಬಾಗಬೇಕು? ಮಿಸ್ ಹಾಲ್ವರ್ಸನ್ ಇದಕ್ಕೊಂದು ಗ್ರೀಕ್ ಪದ ಹೇಳುತ್ತಿದ್ದರು. ನನಗೆ ಈಗ ಆ ಪದದ ಜಾಗದಲ್ಲಿ ಒಂದು ಚೀಸಿನ ಹೆಸರು ಮಾತ್ರ ನೆನಪಾಗುತ್ತದೆ.

ಸ್ವಭಾವ, ಪ್ರತಿಭೆ ಎರಡರಲ್ಲಿ ಯಾವುದು ಮೊದಲು ಅಂತ ಡೆಲ್ಫೀನ್ ಜೊತೆ ಅರ್ಧ ಮಧ್ಯಾಹ್ನ ವಾದ ಮಾಡಿದೆ. ಮಾತಿನ ಮಧ್ಯೆ ಹದಿನೆಂಟನೇ ಸೀಟಿನ ವಿಷಯವೂ ಬಂತು. ಅವಳು ಒಂದು ಒಳ್ಳೆಯ ಉಪಾಯ ಹೇಳಿದ್ದಾಳೆ. ನೋಡೋಣ. ಇನ್ನೂ ಧೈರ್ಯ ಬಂದಿಲ್ಲ.

ನಾರ್ಬರ್ಟ್

*

ಡೆಟ್ರಾಯಿಟ್
ಅಕ್ಟೋಬರ್ 20, 1988

ಶ್ರೀ ನಾರ್ಬರ್ಟ್ ವಿಯೆಚೊರೆಕ್ ಅವರಿಗೆ,

ಉಪಾಯ ಏನೆಂದು ನನಗೆ ಅರ್ಥವಾಯಿತು. ಓದದೆ ಸಹಿ ಹಾಕಬೇಕಾದ ಕಾಗದ ಯಾವುದೆಂಬುದೂ ಅರ್ಥವಾಯಿತು.

ನೀವು ಒಂಟಿಯಾಗಿರಬೇಕು ಎಂದು ನಾನು ಹೇಳುವುದಿಲ್ಲ. ಅಕ್ಕನೂ ಹೇಳುತ್ತಿರಲಿಲ್ಲ. ಆದರೆ ಆ ಸೀಟನ್ನು ನಮ್ಮಪ್ಪ ಜಾನುವಾರು ಮಾರಿ ಕೊಂಡದ್ದಲ್ಲ, ಕಬ್ಬಿಣ ಹೊತ್ತು ಕೊಂಡದ್ದು. ಸ್ಟೇಡಿಯಂ ಕಟ್ಟುವಾಗ ಹಗಲು ಅಲ್ಲಿ ಕೂಲಿ ಮಾಡಿ, ಕೂಲಿಯ ಬದಲು ಆ ಎರಡು ಜಾಗ ಬರೆಸಿಕೊಂಡವರು. ಅಪ್ಪ ಹೋದ ಆರು ತಿಂಗಳಿಗೂ ಅವರ ಜಾಗದಲ್ಲಿ ಅಕ್ಕ ಕೂರಲಿಲ್ಲ, ನಿಂತೇ ನೋಡಿದಳು. ಎಂಟು ತಿಂಗಳಿಗೆ ಮೀನು-ನೂಡಲ್ಸ್ ಅಲ್ಲಿ ಬಂದು ಕೂರುವುದನ್ನು ನಾನು ಒಪ್ಪುವುದಿಲ್ಲ.

ಬೂದ್ರೋ ಚೆನ್ನಾಗಿದ್ದಾನೆ.

ಬರ್ನಡೆಟ್ ಕ್ರಂಬೋಲ್ಟ್

*

ಗ್ರೀನ್ ಬೇ
ನವೆಂಬರ್ 7, 1988

ಬರ್ನಡೆಟ್,

ನಿನ್ನ ಪತ್ರ ಮೂರು ಸಲ ಓದಿದೆ. ಮೀನು ಯಾಕೆ ಬಂತು ತಿಳಿಯಲಿಲ್ಲ. ಆದರೆ ಒಂದು ತಿಳಿಯಿತು. ಸೀಟು ನಿನಗೆ ಬೇಕು. ಲಾಯ್ಡ್‌ಗೆ, ಡೆಟ್ರಾಯಿಟ್‌ನ ನೀಲಿ ಜಾಕೆಟ್ ಹಾಕಿ, ನಮ್ಮ ನಲವತ್ತೊಂದನೇ ಸಾಲಿನಲ್ಲಿ ಗೊರಕೆ ಹೊಡೆಯುವುದಕ್ಕೆ. ಹಾಗಾದರೆ ನೇರವಾಗಿ ಕೇಳಬಹುದಿತ್ತು.

ಹೋಗ್ಲಂಡ್ ನಿನ್ನೆ ಐದು ಸಲ ಬಿದ್ದ. ಪಕ್ಕೆಲುಬಿಗೆ ಪಟ್ಟಿ ಕಟ್ಟಿದ್ದಾರೆ. ಆದರೂ ಯಾರನ್ನೂ ದೂರಲಿಲ್ಲ.

ನಾ. ವಿ.

*

ಗ್ರೀನ್ ಬೇ
ಡಿಸೆಂಬರ್ 5, 1988, ಸೋಮವಾರ

ಪ್ರಿಯ ಬರ್ನಿ,

ನಾಲ್ಕು ವಾರದಿಂದ ಅಂಚೆ ಪೆಟ್ಟಿಗೆಯ ಬಾಯಿ ಸುಮ್ಮನೆ ಎತ್ತಿ ಮುಚ್ಚಿ ಬರುತ್ತಿದ್ದೇನೆ. ಇವತ್ತು ಹಾಗೆ ಬರುವುದಿಲ್ಲ. ಪತ್ರ ಉದ್ದವಿದೆ, ಕಾಫಿ ಇಟ್ಟುಕೊಂಡು ಕೂರು.

ಶನಿವಾರ ಹದಿನಾಲ್ಕು ಇಂಚು ಹಿಮ ಬಿತ್ತು. ಭಾನುವಾರ ನಿಮ್ಮವರ ಜೊತೆ ಪಂದ್ಯ. ಎಂದಿನಂತೆ ರೇಡಿಯೋದಲ್ಲಿ ಕೂಗಿದರು, ಸ್ಟೇಡಿಯಂ ಗುಡಿಸಲು ಬರುವವರು ಸಲಿಕೆ ತನ್ನಿ ಅಂತ. ನಾನೂ ಹೋದೆ. ಗೇಟಿನಲ್ಲಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಾತ, ನೀವು ಕಾಫಿ ಹಂಚೋ ಕೆಲಸ ಮಾಡಿ" ಅಂದ.

"ನಲವತ್ತೊಂದನೇ ಸಾಲು ಕೊಡು, ಇಲ್ಲದಿದ್ರೆ ಈ ಸಲಿಕೆ ನಿನ್ನ ತಲೆ ಮೇಲೆ" ಅಂದೆ.

"ಹೋಗಿ ಹೋಗಿ, ಬಿದ್ರೆ ನನ್ನ ಹೆಸರು ಹೇಳ್ಬೇಡಿ" ಅಂದ.

ಹತ್ತಿ ಹೋದೆ. ಸಾಲೆಲ್ಲ ಒಂದೇ ಬಿಳಿ, ಯಾವ ಸೀಟು ಯಾವುದೆಂದು ಗೊತ್ತಾಗುವುದಿಲ್ಲ. ಒಂದರಿಂದ ಗುಡಿಸುತ್ತಾ ಬಂದೆ. ಹದಿನೇಳು ಗುಡಿಸಿದೆ. ಹದಿನೆಂಟನ್ನು ಕೈಗವಸು ತೆಗೆದು ಕೈಯಲ್ಲೇ ಗುಡಿಸಿದೆ, ಅಂಕಿ ಕಾಣುವವರೆಗೆ. ಆಮೇಲೆ ಅವಳ ಹೊಲಿಗೆ ಡಬ್ಬದಿಂದ ತಂದಿದ್ದ ಟೇಪು ತೆಗೆದು ಅಳೆದೆ. ಸರಿಯಾಗಿ ಹದಿನೆಂಟು ಇಂಚು. ಅಲ್ಲಿಗೆ ನಿಲ್ಲಿಸಿದೆ. ಹತ್ತೊಂಬತ್ತನ್ನು ಮುಟ್ಟಲಿಲ್ಲ. ಅಷ್ಟೇ ಆಗಿದ್ದರೆ ಪಾಪ ಇರಲಿಲ್ಲ. ನಮ್ಮ ಎರಡೂ ಸೀಟಿನ ಹಿಮವನ್ನು ಹತ್ತೊಂಬತ್ತರ ಮೇಲೆ ಹಾಕಿ, ಸಲಿಕೆಯ ಬೆನ್ನಿನಿಂದ ಮೂರು ಪೆಟ್ಟು ಕೊಟ್ಟು ಗಟ್ಟಿ ಮಾಡಿದೆ. ಅರವತ್ತೆಂಟು ವರ್ಷದವನು ಮಾಡುವ ಕೆಲಸವೇ ಇದು?

ಭಾನುವಾರ ಓರ್ವಿಲ್ ಬಂದ. ಇಡೀ ಸ್ಟೇಡಿಯಂ ಸ್ವಚ್ಛ, ಅವನ ಜಾಗದಲ್ಲಿ ಮಾತ್ರ ಸಮಾಧಿ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಸಲಿಕೆ ಹಿಡಿದು ಬೊಬ್ಬೆ ಎದ್ದ ನನ್ನ ಕೈ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಅವನು ಆ ಹಿಮದ ದಿಬ್ಬದ ಮೇಲೇ ಕೂತ. ರಾಜನ ಹಾಗೆ, ಎಲ್ಲರಿಗಿಂತ ಒಂದಡಿ ಎತ್ತರದಲ್ಲಿ. "ಇಲ್ಲಿಂದ ಚೆನ್ನಾಗಿ ಕಾಣುತ್ತೆ ಕಣಯ್ಯಾ, ಥ್ಯಾಂಕ್ಸ್" ಅಂದ. ಅರ್ಧ ಗಂಟೆಗೆ ಹಿಮ ಕರಗಲು ಶುರುವಾಯಿತು, ಇಡೀ ದಿಬ್ಬ ಅವನ ಸಮೇತ ಹದಿನೆಂಟರ ಕಡೆ ಜಾರಿತು. ನಾನು ಅವನಿಗೆ ಬೆನ್ನು ಕೊಟ್ಟು, ಎರಡು ಕೈಯನ್ನೂ ಬೆಂಚಿಗೆ ಊರಿ ತಳ್ಳಿಕೊಂಡು ಕೂತೆ. ಹಾಗೆ ಕೂತರೆ ಮೈದಾನ ಕಾಣುವುದಿಲ್ಲ, ಬರ್ನಿ. ಆಟಗಾರರ ಬೆಂಚು ಮಾತ್ರ ಕಾಣುತ್ತದೆ.

ಅದೇ ಹೊತ್ತಿಗೆ ಹೋಗ್ಲಂಡ್ ಚೆಂಡನ್ನು ಎದುರಾಳಿಯ ಕೈಗೆ ಎಸೆದ. ನಿಮ್ಮವರು ಅದನ್ನು ಹಿಡಿದು ಓಡಿ ಅಂಕ ಗಳಿಸಿದರು. ಜನ ಶಪಿಸಿದರು. ನಾನು ಎಸೆತ ನೋಡಲೇ ಇಲ್ಲ. ನೋಡಿದ್ದು ಆಮೇಲಿನದು. ಹುಡುಗ ಬೆಂಚಿಗೆ ಬಂದ. ಕೂರಲಿಲ್ಲ. ಹೊಡೆತ ತಿಂದು ಏದುಸಿರು ಬಿಡುತ್ತಿದ್ದ ಆ ಐದು ದಢೂತಿಗಳ ಬಳಿ ಹೋದ. ಬಿಸಿ ಸಾರಿನ ಲೋಟಗಳನ್ನು ಎರಡು ಕೈಯಲ್ಲಿ ಹಿಡಿದು, ಅರ್ಧ ಚೆಲ್ಲಿಕೊಂಡು, ಒಬ್ಬೊಬ್ಬರಿಗೂ ಕೊಟ್ಟ. ಐದನೆಯವನಿಗೆ ಸಾಲಲಿಲ್ಲ, ಮತ್ತೆ ಹೋಗಿ ತಂದ. ಏನೋ ಹೇಳಿದ. ಒಂದೇ ಮಾತು ಇರಬೇಕು. ಅದಕ್ಕೆ ಒಬ್ಬ ನಕ್ಕ.

ಆಚೆ ನಿಮ್ಮ ಬೂದ್ರೋ ಕೂಡ ಹಾಗೇ ಒಂದು ತಪ್ಪೆಸೆದು ಬಂದ. ಹೆಲ್ಮೆಟ್ ಎಸೆದು, ತಲೆಗೆ ಟವೆಲ್ ಹಾಕಿಕೊಂಡು, ಬೆಂಚಿನ ತುದಿಗೆ ಹೋಗಿ ಒಬ್ಬನೇ ಕೂತ.

ಆಗ ಹೊಳೆಯಿತು ಬರ್ನಿ, ಮೂವತ್ತು ವರ್ಷ ನಿನ್ನ ಅಕ್ಕ ಏನು ನೋಡುತ್ತಿದ್ದಳು ಅಂತ. ಎಸೆದದ್ದನ್ನಲ್ಲ. ತಪ್ಪೆಸೆದ ಮೇಲಿನ ಐದು ನಿಮಿಷವನ್ನು. ನಾನು ಹೋಗ್ಲಂಡನ ಬಗ್ಗೆ ಇಷ್ಟುದ್ದ ಬರೆದೆನಲ್ಲ, ಅವನನ್ನು ನೋಡಿದ್ದು ನಿನ್ನೆಯೇ ಮೊದಲು. ಕೊನೆಯಲ್ಲಿ ಹದಿಮೂರು – ಹತ್ತಕ್ಕೆ ಗೆದ್ದೆವು. ಓರ್ವಿಲ್ ನನ್ನ ಹೆಗಲು ಹಿಡಿದು ಅಲ್ಲಾಡಿಸಿ, "ನೋಡಿದ್ಯೇನೋ! ನೋಡಿದ್ಯೇನೋ ಆ ಎಸೆತ!" ಅಂತ ಕಿರುಚಿದ. "ಇಲ್ಲ" ಅಂದೆ. ಆಮೇಲೆ ಫ್ಲಾಸ್ಕು ತೆಗೆದು ಅವನಿಗೆ ಕಾಫಿ ಬಗ್ಗಿಸಿಕೊಟ್ಟೆ. ಅವನ ಪ್ಯಾಂಟು ಪೂರ್ತಿ ಒದ್ದೆಯಾಗಿತ್ತು.

ಮಿಸ್ ಹಾಲ್ವರ್ಸನ್‌ರ ಮೂರನೇ ಲಕ್ಷಣವೂ ಆಗಲೇ ನೆನಪಾಯಿತು: ನಾಯಕ ತಾನು ಮಾಡಿದ್ದನ್ನು ತಾನೇ ಗುರುತು ಹಿಡಿಯಬೇಕು, ಗಟ್ಟಿಯಾಗಿ ಹೇಳಬೇಕು. ಅಥವಾ ಇದು ವಾಹನ ಚಾಲನೆಯ ಕೈಪಿಡಿಯಲ್ಲಿ ಅಪಘಾತದ ಅಧ್ಯಾಯದಲ್ಲಿ ಇತ್ತೋ ಏನೋ. ಎರಡಕ್ಕೂ ಹೊಂದುತ್ತದೆ.

ಆದ್ದರಿಂದ ಹೇಳುತ್ತೇನೆ. ಫಾರಂ ಜೊತೆಗಿಟ್ಟಿದ್ದೇನೆ, ಬ್ರೆಡ್ಡಿನ ಪುಡಿ ಝಾಡಿಸಿಕೋ. ಸೀಟುಗಳು ನಿಮ್ಮಪ್ಪನಿಂದ ನಿಮ್ಮಿಬ್ಬರ ಹೆಸರಿಗೂ ಬಂದಿದ್ದವು. ಹದಿನೆಂಟು ಈಗ ನಿನ್ನದು. ನಿನ್ನ ಸಹಿ ಇಲ್ಲದೆ ಅದು ಉಳಿಯುವುದಿಲ್ಲ. ಇದು ನನಗೆ ಆಗಸ್ಟಿನಿಂದ ಗೊತ್ತು. ಲಾಯ್ಡ್ ಬರುತ್ತಾನೆಂದು ಹೆದರಿದ್ದು ನಿಜ, ಆದರೆ ಅದು ಚಿಕ್ಕ ಕಾರಣ. ಫಾರಂನ ನಾಲ್ಕನೇ ಸಾಲು ನೋಡು. 'ಹಿಂದಿನವರ ಹೆಸರನ್ನು ಹೊಡೆದುಹಾಕಿ ಹೊಸ ಹೆಸರು ಬರೆಯಿರಿ' ಎಂದಿದೆ. ಪೆನ್ನು ಹಿಡಿದು ಹನ್ನೊಂದು ಸಲ ಕೂತಿದ್ದೇನೆ. ಬ್ರೆಡ್ ಡಬ್ಬದ ಕೆಳಗೆ ಇಡುವುದು ಸುಲಭ.

ಡೆಲ್ಫೀನ್ ಹೇಳಿದ ಉಪಾಯ ಏನು ಗೊತ್ತಾ? "ಸುಮ್ನೆ ಆ ನಾದಿನಿಗೆ ಇರೋದನ್ನ ಬರೀರೀ, ಪುಣ್ಯಾತ್ಮ" ಅಂತ. ಅಷ್ಟೇ. ಆಮೇಲೆ ನಿನ್ನ ಅಕ್ಟೋಬರಿನ ಪತ್ರವನ್ನು ನಿನ್ನೆ ಸಂಜೆ ನಾಲ್ಕನೇ ಸಲ ಓದಿದಾಗ ಮೀನು ಎಲ್ಲಿಂದ ಬಂತೆಂದು ಅರ್ಥವಾಗಿ, ಅಡುಗೆಮನೆಯಲ್ಲಿ ಒಬ್ಬನೇ ನಿಂತು ನಕ್ಕೆ. ಬರ್ನಿ, ಡೆಲ್ಫೀನ್ ನಮ್ಮ ಹಳೆಯ ವೈರಿ ಷಿಕಾಗೊ ತಂಡದ ಕಡೆಯವಳು! ಅವಳ ಬಾಗಿಲಿಗೆ ಅವರ ಕರಡಿ ಚಿತ್ರದ ಪತಾಕೆ ಇದೆ. ಅವಳನ್ನು ಹದಿನೆಂಟರಲ್ಲಿ ಕೂರಿಸಿದರೆ ನಿಮ್ಮಪ್ಪ ಗೋರಿಯಿಂದ ಎದ್ದು ಬಂದು ನನ್ನನ್ನು ಸಲಿಕೆಯಲ್ಲಿ ಬಾರಿಸುತ್ತಿದ್ದರು.

ನಿನಗೆ ತೋಚಿದ್ದು ಮಾಡು. ಲಾಯ್ಡ್ ಆದರೂ ಸರಿ. ಗೊರಕೆಗೆ ಓರ್ವಿಲ್ ಹೆದರಬಹುದು.

ನಿನ್ನ ಭಾವ,
ನಾರ್ಬರ್ಟ್

*

ಡೆಟ್ರಾಯಿಟ್
ಡಿಸೆಂಬರ್ 10, 1988

ಪ್ರೀತಿಯ ಭಾವ,

ಷಿಕಾಗೊ! ಅಯ್ಯೋ ದೇವರೇ. ನಾನು ಎರಡು ತಿಂಗಳಿಂದ ಆ ಬಡಪಾಯಿಗೆ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆ. ನನ್ನ ಕಡೆಯಿಂದ ಅವಳಿಗೆ ಕ್ಷಮೆ ಹೇಳಿ, ಷಿಕಾಗೊದವಳೆಂಬ ಕಾರಣಕ್ಕೆ ಅರ್ಧ ಮಾತ್ರ ಹೇಳಿ. ನಾನೂ ನಮ್ಮ ಬೂದ್ರೋನಂಥವಳೇ. ನೋಡದೆ ಎಸೆಯುವ ಜಾತಿ. ನಿಮಗೆ ಬರೆದ ಆ 'ಶ್ರೀ' ಪತ್ರವನ್ನು ಅಂಚೆಗೆ ಹಾಕಿ ಬಂದ ಕ್ಷಣವೇ ವಾಪಸ್ ಬೇಕೆನ್ನಿಸಿತ್ತು. ಪೆಟ್ಟಿಗೆಯೊಳಗೆ ಕೈ ಹಾಕಿದ್ದೆ ಕೂಡ. ಲಾಯ್ಡ್ ಬಂದು ಬಿಡಿಸಬೇಕಾಯಿತು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಅಕ್ಕ ಸೋಮವಾರ ಅಂಚೆ ಪೆಟ್ಟಿಗೆಗೆ ಹೋಗುತ್ತಿದ್ದದ್ದು ಮೊಣಕಾಲಿಗಲ್ಲ. ನಾನು ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಪ್ರತಿ ಸೋಮವಾರ ನನಗೊಂದು ಕಾರ್ಡು ಹಾಕುತ್ತಿದ್ದಳು. ಹಿಂದಿನ ದಿನ ಕಂಡ ಕ್ವಾರ್ಟರ್‌ಬ್ಯಾಕ್ ಬಗ್ಗೆ. ಬೂಟಿನ ಡಬ್ಬದ ತುಂಬ ಇವೆ. ನಿಮಗೆ ಹೇಳಬಾರದೆಂದು ಅವಳ ಆಣೆ ಇತ್ತು. "ಅವನು ಚೆಂಡಿನ ಬಗ್ಗೆ ವಾದಕ್ಕೆ ಬರ್ತಾನೆ" ಅನ್ನುತ್ತಿದ್ದಳು. ಆಗಸ್ಟಿನಲ್ಲಿ ನಿಮ್ಮ ಸೋಮವಾರದ ಪತ್ರ ಬಂದಾಗ ನಾನು ಡಬ್ಬ ಮುಂದಿಟ್ಟುಕೊಂಡು ಕೂತುಬಿಟ್ಟೆ. ನಿಮಗೆ ಕಳಿಸಿದರೆ ನನ್ನ ಬಳಿ ಏನೂ ಉಳಿಯುವುದಿಲ್ಲ ಅನ್ನಿಸಿತು. ನಿಮ್ಮ ಬ್ರೆಡ್ ಡಬ್ಬ, ನನ್ನ ಬೂಟಿನ ಡಬ್ಬ. ಮೂರನ್ನು ನಕಲು ಮಾಡಿದ್ದೇನೆ:

"ಅಕ್ಟೋಬರ್ 1961. ಹೊಸಬ. ತೋಳು ದೇವರು ಕೊಟ್ಟದ್ದು, ಬೆರಳು ಸೈತಾನ ಕೊಟ್ಟದ್ದು. ತಪ್ಪಾದಾಗೆಲ್ಲ ಬೇರೆಯವರ ಕಡೆ ತೋರಿಸ್ತಾನೆ. ಎರಡು ವರ್ಷ ಇರ್ತಾನೆ." (ಹತ್ತೊಂಬತ್ತು ತಿಂಗಳು ಇದ್ದ.)

"ನವೆಂಬರ್ 1974. ತಪ್ಪೆಸೆದು ಬಂದು ಟವೆಲ್ ಒಳಗೆ ಅತ್ತ. ನಾರ್ಬರ್ಟ್ ಇವನನ್ನು ಕೈಲಾಗದವನು ಅಂದ. ಅಳೋ ಹುಡುಗರು ಮೂರನೇ ವರ್ಷಕ್ಕೆ ಸರಿಹೋಗ್ತಾರೆ. ಕಾಯಬೇಕು."

ಬೂದ್ರೋನ ಟವೆಲ್ ಬಗ್ಗೆ ಈಗ ಏನು ಹೇಳುತ್ತೀರಿ, ಭಾವ? ಇನ್ನು ಇದು:

"ಡಿಸೆಂಬರ್ 1979. ಈ ವಾರ ಪಂದ್ಯ ಇಲ್ಲ, ಮನೆಯದ್ದೇ ಬರೀತೀನಿ. ನಾರ್ಬರ್ಟ್ ಕಾರನ್ನು ಗ್ಯಾರೇಜಿನ ಬಾಗಿಲಿಗೆ ಗುದ್ದಿ ನಾಲ್ಕು ದಿನ ಬಾಯಿಬಿಡಲಿಲ್ಲ. ಚೆಂಡು ಹಿಡ್ಕೊಂಡೇ ಬೀಳೋ ಜಾತಿ. ಆದರೆ ಹೇಳಿದ ಮೇಲೆ ತಾನೇ ಬಾಗಿಲು ಸರಿಮಾಡಿ, ಪಕ್ಕದ ಮನೆಯವರದ್ದೂ ಮಾಡಿಕೊಟ್ಟ, ಅದು ಕೆಟ್ಟೇ ಇರಲಿಲ್ಲ. ಉಳಿಸಿಕೊಳ್ಳೋದು ಅಂತ ತೀರ್ಮಾನ."

ಫಾರಂ ತುಂಬಿ ಕಳಿಸಿದ್ದೇನೆ. ಅಕ್ಕನ ಹೆಸರು ಹೊಡೆದಿಲ್ಲ. ಅದರ ಪಕ್ಕಕ್ಕೆ ಒಂದು ಸಣ್ಣ ಬಾಣ ಎಳೆದು, ಅಂಚಿನಲ್ಲಿ ನನ್ನ ಹೆಸರು ಬರೆದಿದ್ದೇನೆ. ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಲಿತದ್ದು ಇದೊಂದೇ: ಯಾವ ಗುಮಾಸ್ತನೂ ಬಾಣವನ್ನು ಪ್ರಶ್ನಿಸುವುದಿಲ್ಲ.

ಹದಿನೆಂಟಕ್ಕೆ, ವರ್ಷದ ಕೊನೆಯ ಪಂದ್ಯಕ್ಕೆ, ನಾನು ಬರುತ್ತೇನೆ. ಲಾಯ್ಡ್ ನಿಮ್ಮ ಸೋಫಾದಲ್ಲಿ ಮಲಗುತ್ತಾನೆ. ಅವನಿಗೆ ಯಾವ ಊರಾದರೂ ಒಂದೇ. ಟೇಪು ಇಟ್ಟುಕೊಂಡಿರಿ, ನಾನು ಅಕ್ಕನಷ್ಟು ಸಣ್ಣಗಿಲ್ಲ.

ಬರ್ನಿ

*

ಗ್ರೀನ್ ಬೇ, ಡಿಸೆಂಬರ್ 19, 1988, ಸೋಮವಾರ (ಕಾರ್ಡು)

ಬರ್ನಿ, ನಿಮ್ಮ ಕಾರು ತಿರುವು ದಾಟಿ ಹತ್ತು ನಿಮಿಷ ಆಯಿತು. ಲಾಯ್ಡ್ ಒಂದು ಷೂ ಬಿಟ್ಟು ಹೋಗಿದ್ದಾನೆ.

ಹೋಗ್ಲಂಡ್: ಇನ್ನೂ ಚೆಂಡು ಹಿಡಿದುಕೊಂಡೇ ಬೀಳುತ್ತಾನೆ. ನಾಲ್ಕು ಸಲಕ್ಕೆ ಇಳಿದಿದೆ. ಕಾಯಬೇಕು.

ಓರ್ವಿಲ್: ಗೆರೆಯೊಳಗೆ.

ಹದಿನೆಂಟನೇ ಸೀಟು: ಹೊಸಬಳು. ಬಾಯಿ ಜೋರು. ಎರಡು ಸಲ ನನ್ನ ಕಾಲು ತುಳಿದಳು, ಒಮ್ಮೆ ಎದುರಾಳಿಗೆ ಚಪ್ಪಾಳೆ ತಟ್ಟಿದಳು. ಹೋಗ್ಲಂಡ್ ತಪ್ಪೆಸೆದಾಗ ಸಾಲೆಲ್ಲ ಬೈಯುತ್ತಿದ್ದರೂ, ಇವಳ ಕಣ್ಣು ಬೆಂಚಿನ ಕಡೆ ಇತ್ತು. ಉಳಿಸಿಕೊಳ್ಳುವುದು ಅಂತ ತೀರ್ಮಾನ.

ಈಗ ಇದನ್ನು ನಡೆದು ಹೋಗಿ ಹಾಕಿ ಬರುತ್ತೇನೆ. ಮೊಣಕಾಲಿಗೆ ಒಳ್ಳೆಯದು.

ನಾರ್ಬರ್ಟ್